ಎಂಆರ್‌ಐ ರಿಪೋರ್ಟ್‌ನಲ್ಲಿ ‘ಗ್ಲಯೋಮಾ ಅಥವಾ ಟಿ.ಬಿ. ಗಡ್ಡೆ’ ಎಂದು ಬಂದರೆ ಮುಂದೇನು?

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 54 ವರ್ಷ. ಹೊಸದುರ್ಗದ ಹತ್ತಿರ ನಮ್ಮೂರು. ಹೋದ ತಿಂಗಳು ಅವರಿಗೆ ಮೊದಲ ಸಲ ಫಿಟ್ಸ್ ಬಂತು. ಸಿಟಿ ಸ್ಕ್ಯಾನ್‌ನಲ್ಲಿ ಮೆದುಳಿನ ಎಡಗಡೆ ಮುಂಭಾಗದಲ್ಲಿ 2.5 ಸೆಂ.ಮೀ. ಗಡ್ಡೆ ಕಾಣಿಸಿತು. ಆಮೇಲೆ ಕಾಂಟ್ರಾಸ್ಟ್ ಹಾಕಿಸಿ ಎಂಆರ್‌ಐ ಮಾಡಿಸಿದೆವು. ರಿಪೋರ್ಟ್‌ನಲ್ಲಿ ‘ರಿಂಗ್ ಎನ್‌ಹಾನ್ಸಿಂಗ್ ಲೀಷನ್, ಹೈ ಗ್ರೇಡ್ ಗ್ಲಯೋಮಾ ಅಥವಾ ಟ್ಯೂಬರ್ಕ್ಯುಲೋಮಾ ಇರಬಹುದು’ ಎಂದು ಬರೆದಿದ್ದಾರೆ. ಈಗ ದೊಡ್ಡ ಆಸ್ಪತ್ರೆಯವರು ಪರ್ಫ್ಯೂಷನ್, ಸ್ಪೆಕ್ಟ್ರೋಸ್ಕೋಪಿ ಸೇರಿಸಿ ಮತ್ತೆ ಎಂಆರ್‌ಐ ಮಾಡಿಸಿ ಅಂತಿದ್ದಾರೆ. ಇದು ಬೇಕಾ? ಇಷ್ಟು ದುಡ್ಡಿನ ಸ್ಕ್ಯಾನ್‌ಗೆ ಅದು ಕ್ಯಾನ್ಸರೋ ಅಲ್ಲವೋ ಹೇಳೋಕಾಗಲ್ವಾ? ತಂದೆಗೆ ಶುಗರ್ ಇದೆ. ಕಾಂಟ್ರಾಸ್ಟ್ ಇಂಜೆಕ್ಷನ್‌ನಿಂದ ಕಿಡ್ನಿಗೆ ತೊಂದರೆ ಆಗುತ್ತಾ? ಅಲ್ಲದೆ ಆ ಸುರಂಗದ ಒಳಗೆ ಹೋಗೋಕೆ ಅವರು ತುಂಬಾ ಹೆದರುತ್ತಾರೆ. ಓಪನ್ ಎಂಆರ್‌ಐ ಆಗುತ್ತಾ?

ಉತ್ತರ: ಮಾಡಿಸಿ. ಮೊದಲ ಸ್ಕ್ಯಾನ್ ದಂಡವಾಯಿತು ಎಂದುಕೊಳ್ಳಬೇಡಿ. ಹತ್ತಾರು ಸಾಧ್ಯತೆಗಳಿದ್ದ ಕಡೆ ಅದು ಎರಡಕ್ಕೆ ತಂದು ನಿಲ್ಲಿಸಿದೆ. ಆದರೆ ಆ ಎರಡರ ದಾರಿ ಬೇರೆ ಬೇರೆ. ಗ್ಲಯೋಮಾ ಎಂದರೆ ಮೆದುಳಿನ ಕೋಶಗಳಲ್ಲೇ ಹುಟ್ಟುವ ಗಡ್ಡೆ, ಹೈ ಗ್ರೇಡ್ ಎಂದರೆ ಅದರಲ್ಲಿ ಜೋರಾಗಿ ಬೆಳೆಯುವ ಬಗೆ. ಅದಾದರೆ ಆಪರೇಷನ್, ರೇಡಿಯೇಷನ್, ಕೀಮೋ. ಟ್ಯೂಬರ್ಕ್ಯುಲೋಮಾ, ಅಂದರೆ ಟಿ.ಬಿ. ಗಡ್ಡೆ ಆದರೆ ಹೆಚ್ಚಿನವರು ತಿಂಗಳುಗಟ್ಟಲೆ ಮಾತ್ರೆ ತೆಗೆದುಕೊಂಡೇ ಗುಣವಾಗುತ್ತಾರೆ. ಇಂಥ ಜಾಗದಲ್ಲಿ ಅನುಮಾನವನ್ನು ಅನುಮಾನ ಎಂದೇ ಬರೆದ ರೇಡಿಯಾಲಜಿಸ್ಟ್ ಸರಿಯಾದ ಕೆಲಸವನ್ನೇ ಮಾಡಿದ್ದಾರೆ. ಗೊತ್ತಿಲ್ಲದ ಕಡೆ ಒಂದೇ ಹೆಸರು ಬರೆದುಬಿಟ್ಟಿದ್ದರೆ ನಿಮ್ಮ ತಂದೆ ತಪ್ಪು ದಾರಿ ಹಿಡಿಯುವ ಅಪಾಯವಿತ್ತು.

ಇನ್ನು ‘ಹೇಳೋಕಾಗಲ್ವಾ’ ಎಂಬ ನಿಮ್ಮ ಪ್ರಶ್ನೆ. ಅದಕ್ಕೆ ಈ ಯಂತ್ರ ಏನನ್ನು ನೋಡುತ್ತದೆ ಎಂದು ಸ್ವಲ್ಪ ತಿಳಿಯಬೇಕು. ಎಂಆರ್‌ಐ ಗಡ್ಡೆಯ ಜೀವಕೋಶಗಳನ್ನು ನೋಡುವುದಿಲ್ಲ. ಅದು ಮುಖ್ಯವಾಗಿ ನೋಡುವುದು ನೀರನ್ನು. ನಮ್ಮ ದೇಹದ ನೀರು, ಕೊಬ್ಬಿನಲ್ಲಿರುವ ಹೈಡ್ರೋಜನ್‌ನ ಪ್ರೋಟಾನ್‌ಗಳು ಬಲವಾದ ಅಯಸ್ಕಾಂತದ ಪ್ರಭಾವಕ್ಕೆ ಒಳಗಾಗುತ್ತವೆ. ಸಾಮಾನ್ಯ ಯಂತ್ರದ ಶಕ್ತಿ 1.5 ಟೆಸ್ಲಾ. ಭೂಮಿಯ ಕಾಂತಶಕ್ತಿಗೆ ಹೋಲಿಸಿದರೆ ಸುಮಾರು 30,000 ಪಟ್ಟು. ಅದರ ಮೇಲೆ ರೇಡಿಯೋ ಅಲೆ ಹಾಯಿಸಿದಾಗ ಆ ಪ್ರೋಟಾನ್‌ಗಳು ಕದಲಿ, ಮತ್ತೆ ಸ್ಥಿತಿಗೆ ಮರಳುವಾಗ ಸಣ್ಣ ಸಂಕೇತ ಕೊಡುತ್ತವೆ. ಆ ಸಂಕೇತದಿಂದಲೇ ಚಿತ್ರ. ಎಕ್ಸ್‌ರೇ ಕಿರಣ ಇಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಮತ್ತೊಮ್ಮೆ ಮಾಡಿಸಿದರೆ ರೇಡಿಯೇಷನ್ ಜಾಸ್ತಿ ಆಗುತ್ತದೆ ಎಂಬ ಭಯ ಬೇಡ.

ಒಂದು ಎಂಆರ್‌ಐ ಎಂದರೆ ಒಂದು ಚಿತ್ರ ಅಲ್ಲ. ಒಂದೇ ಗಡ್ಡೆಯನ್ನು ಬೇರೆ ಬೇರೆ ರೀತಿ ಕೇಳಿ ಪಡೆದ ಹಲವು ಚಿತ್ರಗಳ ಕಟ್ಟು. ಟಿ1 ಚಿತ್ರ ಮೆದುಳಿನ ರಚನೆಯನ್ನು ತೋರಿಸುತ್ತದೆ. ಟಿ2ದಲ್ಲಿ ನೀರು ಬೆಳ್ಳಗೆ ಕಾಣುತ್ತದೆ. ಫ್ಲೇರ್ ಎಂಬ ಚಿತ್ರದಲ್ಲಿ ಮೆದುಳಿನ ಸುತ್ತಲಿನ ಮಾಮೂಲಿ ನೀರನ್ನು ಕಪ್ಪು ಮಾಡಿ, ಗಡ್ಡೆಯ ಸುತ್ತ ಸೇರಿದ ಊತವನ್ನು ಮಾತ್ರ ಬೆಳ್ಳಗೆ ಉಳಿಸುತ್ತಾರೆ. ರಕ್ತ ಮತ್ತು ಸುಣ್ಣ ಕಟ್ಟಿದ ಕಲೆಗಳಿಗೆ ಇನ್ನೊಂದು ಚಿತ್ರ ಇದೆ. ನೀರಿನ ಕಣಗಳು ಸಲೀಸಾಗಿ ಓಡಾಡುತ್ತಿವೆಯೋ ಸಿಕ್ಕಿಕೊಂಡಿವೆಯೋ ನೋಡುವ ಡಿಫ್ಯೂಷನ್ ಚಿತ್ರ ಬೇರೆ.

ಕಾಂಟ್ರಾಸ್ಟ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ. ಇಂಜೆಕ್ಷನ್ ಕೊಟ್ಟ ಮೇಲೆ ಬೆಳ್ಳಗೆ ಹೊಳೆದದ್ದು ಕ್ಯಾನ್ಸರ್ ಎಂದು ಜನ ನಂಬಿದ್ದಾರೆ. ಹಾಗೇನಿಲ್ಲ. ಮೆದುಳಿನ ರಕ್ತನಾಳಗಳ ಗೋಡೆ ತುಂಬಾ ಬಿಗಿ. ರಕ್ತದಲ್ಲಿರುವ ಎಷ್ಟೋ ವಸ್ತುಗಳನ್ನು ಅದು ಮೆದುಳಿನೊಳಗೆ ಬಿಡುವುದಿಲ್ಲ. ಆ ಗೋಡೆ ಎಲ್ಲಿ ಕೆಟ್ಟಿದೆಯೋ ಅಲ್ಲಿ ಮಾತ್ರ ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ಸೋರಿ ಹೊಳೆಯುತ್ತದೆ. 1988ರಿಂದ ಇದು ಬಳಕೆಯಲ್ಲಿದೆ. ಗೋಡೆ ಕೆಡಲು ಕ್ಯಾನ್ಸರೇ ಬೇಕಿಲ್ಲ. ಟಿ.ಬಿ., ಕೀವು, ಲಾಡಿಹುಳುವಿನ ಮರಿ, ಕೆಲವು ದಿನಗಳ ಹಿಂದಿನ ಸ್ಟ್ರೋಕ್ ಕೂಡ ಕೆಡಿಸುತ್ತವೆ. ಇದರ ಉಲ್ಟಾ ಕೂಡ ನಿಜ. ನಿಧಾನವಾಗಿ ಬೆಳೆಯುವ ಎಷ್ಟೋ ಗ್ಲಯೋಮಾಗಳು ಕಾಂಟ್ರಾಸ್ಟ್ ಕೊಟ್ಟರೂ ಹೊಳೆಯುವುದೇ ಇಲ್ಲ.

ಈಗ ನಿಮ್ಮ ತಂದೆಯವರ ‘ರಿಂಗ್’ ವಿಷಯಕ್ಕೆ ಬರುತ್ತೇನೆ. ಅಂಚು ಹೊಳೆದು ನಡುವೆ ಕಪ್ಪಗೆ ಕಂಡರೆ ಅದನ್ನು ರಿಂಗ್ ಎನ್ನುತ್ತಾರೆ. ಅಂಚಿನಲ್ಲಿ ರೋಗ ಚುರುಕಾಗಿದೆ, ನಡುವಿನ ಭಾಗ ಸತ್ತಿದೆ ಅಥವಾ ದ್ರವ ತುಂಬಿದೆ ಎಂದಷ್ಟೇ ಅದರ ಅರ್ಥ. ಟಿ.ಬಿ. ಅಷ್ಟಾಗಿ ಇಲ್ಲದ ದೇಶಗಳಲ್ಲಿ ಈ ವಯಸ್ಸಿನವರಿಗೆ ಇಂಥ ರಿಂಗ್ ಕಂಡರೆ ಮೊದಲು ನೆನಪಾಗುವುದು ಗ್ಲಯೋಮಾಗಳಲ್ಲೇ ಅತಿ ಉಗ್ರವಾದ ಗ್ಲಯೋಬ್ಲಾಸ್ಟೋಮಾ, ಇಲ್ಲವೇ ಬೇರೆ ಕಡೆಯಿಂದ ಹರಡಿದ ಕ್ಯಾನ್ಸರ್. ನಮ್ಮಲ್ಲಿ ಹಾಗೆ ನೇರವಾಗಿ ಹೋಗಲು ಬರುವುದಿಲ್ಲ. ಟಿ.ಬಿ. ಗಡ್ಡೆ ಮತ್ತು ಲಾಡಿಹುಳುವಿನ ಮರಿ ನಮ್ಮ ದೇಶದಲ್ಲಿ ತೀರಾ ಸಾಮಾನ್ಯ.

ಲಾಡಿಹುಳುವಿನ ಹೆಸರು ಎತ್ತಿದರೆ ‘ನಾವು ಮಾಂಸವೇ ಮುಟ್ಟಲ್ಲ ಡಾಕ್ಟ್ರೇ’ ಎನ್ನುವವರು ಬಹಳ. ಮೆದುಳಿಗೆ ಬರುವ ಈ ಕಾಯಿಲೆ ಹಂದಿಮಾಂಸ ತಿಂದದ್ದರಿಂದ ನೇರವಾಗಿ ಬರುವುದಲ್ಲ. ಹುಳು ಇರುವ ಮನುಷ್ಯನ ಮಲದ ಜೊತೆ ಅದರ ಮೊಟ್ಟೆಗಳು ಹೊರಬಂದು, ನೀರು, ಹಸಿ ಸೊಪ್ಪು, ತೊಳೆಯದ ಕೈಯಿಂದ ಬೇರೆಯವರ ಹೊಟ್ಟೆ ಸೇರುತ್ತವೆ. ಹಾಗಾಗಿ ಸಸ್ಯಾಹಾರಿಗಳಿಗೂ ಬರುತ್ತದೆ. ಫಿಟ್ಸ್ ಬಂದವರ ಸಿಟಿ ಸ್ಕ್ಯಾನ್‌ನಲ್ಲಿ ಕಾಣುವ ಒಂಟಿ ಸಣ್ಣ ರಿಂಗ್‌ಗಳನ್ನು ಹಿಂದೆ ನಮ್ಮ ದೇಶದಲ್ಲಿ ಟಿ.ಬಿ. ಎಂದೇ ತಿಳಿದು ಔಷಧಿ ಕೊಡುತ್ತಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಅವುಗಳ ತುಣುಕು ತೆಗೆದು ಪರೀಕ್ಷಿಸಿದಾಗ ಹೆಚ್ಚಿನವು ಲಾಡಿಹುಳುವಿನ ಮರಿಗಳೇ ಆಗಿದ್ದವು. ಅಲ್ಲಿಂದ ಬಂದ ಒಂದು ಅಳತೆ ಇವತ್ತಿಗೂ ನಮಗೆ ಕೆಲಸಕ್ಕೆ ಬರುತ್ತದೆ. 2 ಸೆಂ.ಮೀ.ಗಿಂತ ಚಿಕ್ಕದು, ಗುಂಡಗಿದೆ, ಮೆದುಳನ್ನು ಪಕ್ಕಕ್ಕೆ ತಳ್ಳಿಲ್ಲ ಎಂದರೆ ಹುಳುವಿನ ಕಡೆ ತೂಕ ಜಾಸ್ತಿ. ಒಳಗೆ ಹುಳುವಿನ ತಲೆಯ ಚುಕ್ಕೆ ಎಂಆರ್‌ಐಯಲ್ಲಿ ಕಂಡರಂತೂ ಮುಗಿಯಿತು, ಬೇರೆ ಅನುಮಾನ ಉಳಿಯುವುದಿಲ್ಲ. ನಿಮ್ಮ ತಂದೆಯದು 2.5 ಸೆಂ.ಮೀ. ಅದಕ್ಕೇ ಇರಬೇಕು, ಅವರ ರಿಪೋರ್ಟ್‌ನಲ್ಲಿ ಹುಳುವಿನ ಹೆಸರು ಬಂದಿಲ್ಲ.

ಉಳಿದದ್ದು ಟಿ.ಬಿ. ಮತ್ತು ಗ್ಲಯೋಮಾ. ಮಾಮೂಲಿ ಚಿತ್ರಗಳಲ್ಲೇ ಕೆಲವು ಸುಳಿವು ಸಿಗುತ್ತವೆ. ಟಿ.ಬಿ. ಗಡ್ಡೆಯ ನಡುಭಾಗ ಗಟ್ಟಿಯಾಗಿದ್ದರೆ ಟಿ2 ಚಿತ್ರದಲ್ಲಿ ಕಪ್ಪಗೆ ಕಾಣುತ್ತದೆ. ಗ್ಲಯೋಬ್ಲಾಸ್ಟೋಮಾದ ನಡುಭಾಗ ಕೊಳೆತು ನೀರಾಗಿರುವುದರಿಂದ ಸಾಮಾನ್ಯವಾಗಿ ಬೆಳ್ಳಗಿರುತ್ತದೆ. ಅದರ ಅಂಚು ದಪ್ಪ, ಏರುಪೇರು. ಎಡ ಬಲ ಮೆದುಳನ್ನು ಜೋಡಿಸುವ ಸೇತುವೆಯ ಮೂಲಕ ಅದು ಆ ಬದಿಗೆ ದಾಟಿದ್ದೂ ಉಂಟು. ಕೀವಿನ ಗಡ್ಡೆಯಾದರೆ ಡಿಫ್ಯೂಷನ್ ಚಿತ್ರದಲ್ಲಿ ನಡುಭಾಗವೇ ಹೊಳೆಯುತ್ತದೆ, ಏಕೆಂದರೆ ದಪ್ಪ ಕೀವಿನಲ್ಲಿ ನೀರಿನ ಕಣಗಳಿಗೆ ಓಡಾಡಲು ಜಾಗವಿಲ್ಲ. ಅದನ್ನು ತಪ್ಪಿಸಿಕೊಳ್ಳಬಾರದು, ಅದು ತುರ್ತು ಚಿಕಿತ್ಸೆ ಬೇಕಾದ ಕಾಯಿಲೆ. ತೊಂದರೆ ಏನೆಂದರೆ ಟಿ.ಬಿ. ಗಡ್ಡೆಯ ನಡುಭಾಗ ಕೂಡ ಕೆಲವೊಮ್ಮೆ ದ್ರವವಾಗಿಬಿಡುತ್ತದೆ. ಆಗ ಗ್ಲಯೋಮಾ, ಟಿ.ಬಿ., ಕೀವು ಮೂರೂ ಒಂದನ್ನೊಂದು ಹೋಲುತ್ತವೆ. ಪರ್ಫ್ಯೂಷನ್, ಸ್ಪೆಕ್ಟ್ರೋಸ್ಕೋಪಿ ಬೇಕಾಗುವುದು ಅಲ್ಲೇ.

ಎರಡರಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಪರ್ಫ್ಯೂಷನ್‌ಗೆ. ಜೋರಾಗಿ ಬೆಳೆಯುವ ಗ್ಲಯೋಮಾ ತನಗೆ ಬೇಕಾದ ರಕ್ತಕ್ಕಾಗಿ ಹೊಸ ನಾಳಗಳನ್ನು ಹುಟ್ಟಿಸಿಕೊಳ್ಳುತ್ತದೆ. ಕಾಂಟ್ರಾಸ್ಟನ್ನು ವೇಗವಾಗಿ ಒಳಗೆ ಬಿಟ್ಟು, ಅದು ಮೆದುಳಿನ ಮೂಲಕ ಹಾದುಹೋಗುವಾಗ ಕ್ಷಣಕ್ಷಣಕ್ಕೂ ಚಿತ್ರ ತೆಗೆಯುತ್ತಾರೆ. ಅದರಿಂದ ಗಡ್ಡೆಯ ಅಂಚಿನಲ್ಲಿ ಎಷ್ಟು ರಕ್ತ ಇದೆ ಎಂದು ಲೆಕ್ಕ ಹಾಕಿ, ಇನ್ನೊಂದು ಬದಿಯ ಆರೋಗ್ಯವಂತ ಮೆದುಳಿನ ಜೊತೆ ಹೋಲಿಸುತ್ತಾರೆ. ಹೈ ಗ್ರೇಡ್ ಗ್ಲಯೋಮಾಕ್ಕೆ 1.75 ಪಟ್ಟಿಗಿಂತ ಜಾಸ್ತಿ ಎಂಬ ಗಡಿಯನ್ನು ಹಲವರು ಬಳಸುತ್ತಾರೆ. ಯಂತ್ರ ಮತ್ತು ಲೆಕ್ಕದ ವಿಧಾನ ಬದಲಾದರೆ ಈ ಅಂಕಿಯೂ ಬದಲಾಗುತ್ತದೆ. ಆದ್ದರಿಂದ ಅಂಕಿಯೊಂದನ್ನೇ ಹಿಡಿದು ಕೂರಬೇಡಿ. ಟಿ.ಬಿ. ಗಡ್ಡೆಯ ಅಂಚಿನಲ್ಲಿ ಸಾಮಾನ್ಯವಾಗಿ ಇಷ್ಟು ರಕ್ತ ಇರುವುದಿಲ್ಲ. ಇನ್ನೊಂದು ಮಾತು: ಇದಕ್ಕೆ ಇಂಜೆಕ್ಷನ್ ಜೋರಾಗಿ ಹೋಗಬೇಕು. ಅದಕ್ಕಾಗಿ ಮೊಣಕೈ ಹತ್ತಿರ ಸ್ವಲ್ಪ ದಪ್ಪ ಸೂಜಿಯನ್ನೇ ಹಾಕುತ್ತಾರೆ. ಅಂಗೈ ಹಿಂದೆ ಹಾಕಿದ ಸಣ್ಣ ಸೂಜಿಯಲ್ಲಿ ಈ ಪರೀಕ್ಷೆ ಸರಿಯಾಗಿ ಬರುವುದು ಕಷ್ಟ.

ಸ್ಪೆಕ್ಟ್ರೋಸ್ಕೋಪಿ ಚಿತ್ರದ ಬದಲು ಗೆರೆಯ ಗ್ರಾಫ್ ಕೊಡುತ್ತದೆ. ಗಡ್ಡೆಯ ಒಂದು ಚೌಕದಲ್ಲಿ ಯಾವ ರಾಸಾಯನಿಕ ಎಷ್ಟಿದೆ ಎಂಬ ಲೆಕ್ಕ ಅದು. ಎನ್‌ಎಎ ಎಂಬುದು ಆರೋಗ್ಯವಂತ ನರಕೋಶಗಳ ಗುರುತು, ಗ್ಲಯೋಮಾದಲ್ಲಿ ಅದು ಇಳಿಯುತ್ತದೆ. ಕೋಲೀನ್ ಎಂಬುದು ಜೀವಕೋಶಗಳ ಹೊದಿಕೆಯ ವಸ್ತು, ಕೋಶಗಳು ಬೇಗ ಬೇಗ ಹುಟ್ಟುವಾಗ ಏರುತ್ತದೆ. ಟಿ.ಬಿ.ಯಲ್ಲಿ ಕೊಬ್ಬಿನ ಗೆರೆ ಎತ್ತರಕ್ಕೆ ಏಳುತ್ತದೆ. ಓದಲು ಸುಲಭ ಅನ್ನಿಸಬಹುದು. ಆದರೆ ಗ್ಲಯೋಬ್ಲಾಸ್ಟೋಮಾದ ಸತ್ತ ಭಾಗದಲ್ಲೂ ಕೊಬ್ಬಿನ ಗೆರೆ ಏಳುತ್ತದೆ, ಕೆಲವು ಟಿ.ಬಿ. ಗಡ್ಡೆಗಳಲ್ಲೂ ಕೋಲೀನ್ ಏರುತ್ತದೆ. ಚೌಕವನ್ನು ತಲೆಬುರುಡೆಗೆ ತೀರಾ ಹತ್ತಿರ ಇಟ್ಟರೆ ಚರ್ಮದ ಕೆಳಗಿನ ಕೊಬ್ಬು ಬೆರೆತು ಗ್ರಾಫ್ ಕೆಡುತ್ತದೆ. ಹಾಗಾಗಿ ಸ್ಪೆಕ್ಟ್ರೋಸ್ಕೋಪಿ ಒಂದನ್ನೇ ನಂಬಿ ತೀರ್ಪು ಕೊಟ್ಟ ರಿಪೋರ್ಟ್ ಕಂಡರೆ ನನಗೆ ಸಮಾಧಾನ ಇರುವುದಿಲ್ಲ. ಉಳಿದ ಚಿತ್ರಗಳ ಜೊತೆ ಸೇರಿಸಿ ಓದಿದರೆ ಮಾತ್ರ ಅದಕ್ಕೆ ಬಲ.

ಇಷ್ಟೆಲ್ಲ ಮಾಡಿದ ಮೇಲೂ ಅನುಮಾನ ಉಳಿಯಬಹುದು. ಗ್ಲಯೋಮಾ ಎಂದು ಬಹುತೇಕ ಖಚಿತವಾದರೂ ಬಯಾಪ್ಸಿ, ಅಂದರೆ ಗಡ್ಡೆಯ ತುಣುಕು ತೆಗೆದು ಪರೀಕ್ಷಿಸುವುದು, ತಪ್ಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದ ಪ್ರಕಾರ ಈ ಗಡ್ಡೆಗಳ ಹೆಸರು, ದರ್ಜೆ ನಿರ್ಧಾರವಾಗುವುದು ಸೂಕ್ಷ್ಮದರ್ಶಕದಿಂದ ಮಾತ್ರ ಅಲ್ಲ, ಐಡಿಎಚ್‌ನಂಥ ಜೀನ್‌ಗಳ ಪರೀಕ್ಷೆಯಿಂದ ಕೂಡ. ನೋಡಲು ಒಂದೇ ಥರ ಇರುವ ಎರಡು ಗ್ಲಯೋಮಾಗಳಲ್ಲಿ ಐಡಿಎಚ್ ಬದಲಾವಣೆ ಇರುವ ರೋಗಿ ಸಾಮಾನ್ಯವಾಗಿ ಹೆಚ್ಚು ಕಾಲ ಬಾಳುತ್ತಾರೆ. ಎಂಆರ್‌ಐ ಇದರ ಸುಳಿವು ಕೊಡಬಲ್ಲದು. ಪೂರ್ಣ ಉತ್ತರ ಅಂಗಾಂಶದ ತುಣುಕಿನಲ್ಲೇ ಇರುತ್ತದೆ.

ಹಾಗಾದರೆ ನೇರ ಬಯಾಪ್ಸಿಗೆ ಹೋಗಬಹುದಲ್ವಾ ಎಂದು ನೀವು ಕೇಳಬಹುದು. ಬಯಾಪ್ಸಿಗೂ ಈ ಚಿತ್ರಗಳೇ ದಾರಿ. ಗಡ್ಡೆಯ ಎಲ್ಲ ಭಾಗವೂ ಒಂದೇ ರೀತಿ ಇರುವುದಿಲ್ಲ. ಸತ್ತ ನಡುಭಾಗದಿಂದ ತುಣುಕು ತೆಗೆದರೆ ಲ್ಯಾಬ್‌ನವರು ‘ಏನೂ ಹೇಳಲಾಗದು’ ಎಂದು ವಾಪಸ್ ಕಳಿಸುತ್ತಾರೆ. ರೋಗ ಅಷ್ಟು ಚುರುಕಿಲ್ಲದ ಮೂಲೆಯಿಂದ ತೆಗೆದರೆ ಕಾಯಿಲೆಯ ದರ್ಜೆ ನಿಜಕ್ಕಿಂತ ಕಡಿಮೆ ಎಂದು ಬರಬಹುದು. ರಕ್ತ ಅತಿ ಹೆಚ್ಚು ಇರುವ ಜಾಗ, ಕೋಲೀನ್ ಏರಿರುವ ಜಾಗ ಯಾವುದು ಎಂದು ಮೊದಲೇ ಗೊತ್ತಿದ್ದರೆ ಸರ್ಜನ್ ಸೂಜಿಯನ್ನು ಅಲ್ಲಿಗೇ ಇಳಿಸುತ್ತಾರೆ.

ಆಪರೇಷನ್ ಮಾಡುವುದಾದರೆ ಎಂಆರ್‌ಐಯ ಕೆಲಸ ಇನ್ನೂ ದೊಡ್ಡದು. ಸುಮಾರು 1 ಮಿ.ಮೀ. ತೆಳುವಿನ ಚಿತ್ರಗಳನ್ನು ಥಿಯೇಟರ್‌ನ ನ್ಯಾವಿಗೇಷನ್ ಯಂತ್ರಕ್ಕೆ ತುಂಬಿಸುತ್ತಾರೆ. ಸರ್ಜನ್ ತಮ್ಮ ಉಪಕರಣ ಮೆದುಳಿನ ಯಾವ ಬಿಂದುವಿನಲ್ಲಿದೆ ಎಂದು ಪರದೆಯಲ್ಲಿ ನೋಡುತ್ತಾ ಹೋಗುತ್ತಾರೆ. ನಿಮ್ಮ ತಂದೆಯದು ಎಡಗಡೆ ಮುಂಭಾಗ ಎಂದಿದ್ದೀರಿ. ಬಲಗೈ ಬಳಸುವ ಬಹುತೇಕರಿಗೆ ಮಾತಿನ ಕೇಂದ್ರ ಎಡಗಡೆಯೇ ಇರುತ್ತದೆ. ಗಡ್ಡೆ ಅದಕ್ಕೆ ಹತ್ತಿರ ಇದ್ದರೆ ಫಂಕ್ಷನಲ್ ಎಂಆರ್‌ಐ ಮಾಡಿಸಲು ಹೇಳಬಹುದು. ಯಂತ್ರದೊಳಗೆ ಮಲಗಿಸಿ, ಮನಸ್ಸಿನಲ್ಲೇ ಪದಗಳನ್ನು ನೆನೆಯಿರಿ, ಬೆರಳು ಮಡಚಿ ಎಂದೆಲ್ಲ ಹೇಳುತ್ತಾರೆ. ಆ ಹೊತ್ತಿಗೆ ರಕ್ತದ ಓಟ ಎಲ್ಲಿ ಜಾಸ್ತಿಯಾಯಿತು ಎಂದು ನೋಡಿ ಆ ಕೇಂದ್ರಗಳನ್ನು ಗುರುತು ಮಾಡುತ್ತಾರೆ. ಇಲ್ಲಿ ಒಂದು ವಿನಂತಿ. ಈ ಪರೀಕ್ಷೆ ಅವರು ಮನೆಯಲ್ಲಿ ಆಡುವ ಭಾಷೆಯಲ್ಲೇ ನಡೆಯಬೇಕು. ಕನ್ನಡದಲ್ಲಿ ಹೇಳಿಕೊಡಿ ಎಂದು ಮುಂಚೆಯೇ ಕೇಳಿ. ಅರ್ಧಂಬರ್ಧ ಅರ್ಥವಾದ ಇಂಗ್ಲಿಷ್ ಸೂಚನೆಗೆ ಬಂದ ಚಿತ್ರವನ್ನು ನಂಬಿ ಮೆದುಳು ತೆರೆಯುವುದು ನ್ಯಾಯವಲ್ಲ. ನರತಂತುಗಳ ದಾರಿ ತೋರಿಸುವ ಟ್ರ್ಯಾಕ್ಟೋಗ್ರಫಿ ಎಂಬುದೂ ಇದೇ ಸಮಯದಲ್ಲಿ ಆಗುತ್ತದೆ.

ಗ್ಲಯೋಮಾ ಬಗ್ಗೆ ಮನೆಯವರು ತಿಳಿದಿರಬೇಕಾದ ಒಂದು ಕಹಿ ಸತ್ಯ ಇದೆ. ಹೊಳೆಯುವ ರಿಂಗ್‌ನ ಆಚೆಗೂ ಅದರ ಕೋಶಗಳು ಹಬ್ಬಿರುತ್ತವೆ, ಗರಿಕೆಯ ಬೇರು ಮಣ್ಣಿನಡಿ ಹಬ್ಬಿದ ಹಾಗೆ. ಫ್ಲೇರ್ ಚಿತ್ರದಲ್ಲಿ ಸುತ್ತ ಕಾಣುವ ಬಿಳುಪಿನಲ್ಲಿ ಎಷ್ಟು ಬರೀ ಊತ, ಎಷ್ಟು ಗಡ್ಡೆಯ ಕೋಶ ಎಂದು ಪೂರ್ತಿ ಬೇರ್ಪಡಿಸಲು ಯಾವ ಎಂಆರ್‌ಐಗೂ ಇವತ್ತಿಗೆ ಆಗುವುದಿಲ್ಲ. ‘ಎಲ್ಲ ತೆಗೆದಿದ್ದಾರೆ’ ಎಂದು ಆಪರೇಷನ್ ನಂತರದ ಸ್ಕ್ಯಾನ್ ಹೇಳಿದರೂ ರೇಡಿಯೇಷನ್ ಬೇಕಾಗುವುದು ಇದಕ್ಕೇ.

ಮುಂದಿನ ಸ್ಕ್ಯಾನ್‌ಗಳ ಬಗ್ಗೆಯೂ ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ಹೊತ್ತಿಗೆ ಗಾಬರಿಯಾಗುವವರು ಜಾಸ್ತಿ. ಟಿ.ಬಿ. ಎಂದು ಮಾತ್ರೆ ಶುರು ಮಾಡಿದ ಮೊದಲ ತಿಂಗಳುಗಳಲ್ಲಿ ಗಡ್ಡೆ ಕೆಲವೊಮ್ಮೆ ದೊಡ್ಡದಾಗಿ ಕಾಣುತ್ತದೆ. ಸಾಯುತ್ತಿರುವ ಕ್ರಿಮಿಗಳ ವಿರುದ್ಧ ದೇಹವೇ ಎಬ್ಬಿಸಿದ ಉರಿಯೂತ ಅದಕ್ಕೆ ಕಾರಣ ಇರಬಹುದು. ಗ್ಲಯೋಮಾಕ್ಕೆ ರೇಡಿಯೇಷನ್ ಮುಗಿದ ಮೊದಲ ಮೂರು ತಿಂಗಳಲ್ಲೂ ಹೀಗೇ ಆಗುತ್ತದೆ. ಚಿಕಿತ್ಸೆಯ ಪರಿಣಾಮವೇ ಬೆಳವಣಿಗೆಯಂತೆ ಕಾಣುತ್ತದೆ. ಎರಡು ಕಡೆಯೂ ಒಂದೇ ಸ್ಕ್ಯಾನ್ ನೋಡಿ ಔಷಧಿ ಬದಲಿಸಬಾರದು. ಹಿಂದಿನದರ ಪಕ್ಕ ಇಟ್ಟು ನೋಡಬೇಕು, ಕೆಲವೊಮ್ಮೆ ಕೆಲವು ವಾರ ಕಾದು ಮತ್ತೆ ಮಾಡಬೇಕು.

ಅದಕ್ಕೇ ಹಳೆಯ ಸ್ಕ್ಯಾನ್‌ಗಳ ಸಿ.ಡಿ. ಜೋಪಾನ ಮಾಡಿ. ಫಿಲ್ಮ್ ಅನ್ನು ಕಿಟಕಿಗೆ ಹಿಡಿದು ಮೊಬೈಲ್‌ನಲ್ಲಿ ಫೋಟೋ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಯಾವ ವೈದ್ಯರೂ ಸರಿಯಾಗಿ ಓದಲಾರರು. ನೂರಾರು ಚಿತ್ರಗಳಲ್ಲಿ ಫಿಲ್ಮ್‌ಗೆ ಬರುವುದು ಕೆಲವು ಮಾತ್ರ. ಮೊದಲ ಸೆಂಟರ್‌ನಲ್ಲಿ ಸಿ.ಡಿ. ಕೊಟ್ಟಿಲ್ಲದಿದ್ದರೆ ಇವತ್ತೇ ಹೋಗಿ ಕೇಳಿ.

ಸಿ.ಡಿ. ಜೊತೆಗೆ ಇನ್ನೂ ಒಂದು ಹಾಳೆ ಇರಲಿ. ಮನೆಯಲ್ಲಿ ಯಾರಿಗಾದರೂ ಟಿ.ಬಿ. ಇತ್ತಾ? ಸಂಜೆ ಜ್ವರ, ತೂಕ ಇಳಿಯುವುದು, ಕೆಮ್ಮು ಇದೆಯಾ? ಬೀಡಿ ಸೇದುತ್ತಾರಾ? ಮೊದಲು ಬೇರೆ ಕಡೆ ಕ್ಯಾನ್ಸರ್ ಆಗಿತ್ತಾ? ಎದೆಯ ಎಕ್ಸ್‌ರೇ, ಎಚ್‌ಐವಿ ಪರೀಕ್ಷೆ ಆಗಿದೆಯಾ? ಎಲ್ಲ ಬರೆದು ರೇಡಿಯಾಲಜಿ ವಿಭಾಗಕ್ಕೆ ಕೊಡಿ. ಶ್ವಾಸಕೋಶದಲ್ಲಿ ಟಿ.ಬಿ. ಸಿಕ್ಕರೆ ಮೆದುಳಿನ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕಂತೆ. ಊತ ಇಳಿಸಲು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡುತ್ತಿದ್ದರೆ ಅದನ್ನು ಯಾವತ್ತಿನಿಂದ ಎಂದು ಬರೆಯಿರಿ. ಸ್ಟೀರಾಯ್ಡ್‌ನಿಂದ ಗಡ್ಡೆಯ ಹೊಳಪು ಕಡಿಮೆಯಾಗುತ್ತದೆ. ಲಿಂಫೋಮಾ ಎಂಬ ಗಡ್ಡೆಯಾಗಿದ್ದರೆ ತಾತ್ಕಾಲಿಕವಾಗಿ ಮಾಯವೇ ಆಗಿ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಹಾಗಂತ ನೀವಾಗಿ ಅದನ್ನು ನಿಲ್ಲಿಸಬೇಡಿ. ಫಿಟ್ಸ್ ಮಾತ್ರೆಯನ್ನಂತೂ ಸ್ಕ್ಯಾನ್ ದಿನವೂ ತಪ್ಪಿಸಬೇಡಿ.

ಕಿಡ್ನಿಯ ವಿಷಯ. ಶುಗರ್ ಇದೆ ಎಂಬ ಒಂದೇ ಕಾರಣಕ್ಕೆ ಗ್ಯಾಡೋಲಿನಿಯಂ ಬೇಡ ಎನ್ನುವುದಿಲ್ಲ. ಮೊದಲು ರಕ್ತದ ಕ್ರಿಯೇಟಿನಿನ್ ನೋಡಿ, ಅದರಿಂದ ಕಿಡ್ನಿಯ ಸೋಸುವ ಶಕ್ತಿ ಲೆಕ್ಕ ಹಾಕುತ್ತಾರೆ. ಆ ಅಂಕಿ 30ಕ್ಕಿಂತ ಕೆಳಗಿದ್ದರೆ ಎಚ್ಚರ ಬೇಕು. ಅಂಥವರಲ್ಲಿ ಹಳೆಯ ಬಗೆಯ ಕಾಂಟ್ರಾಸ್ಟ್‌ನಿಂದ ಚರ್ಮ, ಕೀಲು ಗಟ್ಟಿಯಾಗುವ ಅಪರೂಪದ ಕಾಯಿಲೆ ಬಂದದ್ದಿದೆ. ಈಗ ಮ್ಯಾಕ್ರೋಸೈಕ್ಲಿಕ್ ಎಂಬ ಬಗೆಯಲ್ಲಿ ಆ ಅಪಾಯ ತೀರಾ ಕಡಿಮೆ. ಯಾವುದು ಬಳಸುತ್ತೀರಿ ಎಂದು ಕೇಳಲು ಸಂಕೋಚ ಬೇಡ. ಹಿಂದಿನ ಇಂಜೆಕ್ಷನ್‌ಗೆ ಮೈ ತುರಿಸಿದ್ದರೆ, ಉಸಿರು ಕಟ್ಟಿದ್ದರೆ ಅದನ್ನೂ ಹೇಳಿ.

ಲೋಹದ ಬಗ್ಗೆ ಫಾರಂನಲ್ಲಿ ಕೇಳುವ ಪ್ರಶ್ನೆಗಳನ್ನು ಸುಮ್ನೆ ‘ಇಲ್ಲ, ಇಲ್ಲ’ ಎಂದು ಟಿಕ್ ಮಾಡಬೇಡಿ. ಪೇಸ್‌ಮೇಕರ್, ಮೆದುಳಿನ ಕ್ಲಿಪ್, ಕಿವಿಯೊಳಗಿನ ಯಂತ್ರ, ವೆಲ್ಡಿಂಗ್ ಅಥವಾ ಲೇತ್ ಕೆಲಸದಲ್ಲಿ ಕಣ್ಣಿಗೆ ಹಾರಿದ ಕಬ್ಬಿಣದ ಚೂರು, ಎಲ್ಲವೂ ಮುಖ್ಯ. ಉಡಿದಾರದಲ್ಲಿ ಕಟ್ಟಿದ ಲೋಹದ ತಾಯಿತವನ್ನು ಜನ ಮರೆಯುತ್ತಾರೆ. ಜೊತೆಗೆ ಹೋಗುವ ನೀವೂ ಜೇಬು ಖಾಲಿ ಮಾಡಿ. ಆ ಅಯಸ್ಕಾಂತ ಸ್ಕ್ಯಾನ್ ನಡೆಯದಿದ್ದಾಗಲೂ ಎಳೆಯುತ್ತಲೇ ಇರುತ್ತದೆ. 2018ರ ಜನವರಿಯಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ರೋಗಿಯ ಸಂಬಂಧಿಕರೊಬ್ಬರು ಆಕ್ಸಿಜನ್ ಸಿಲಿಂಡರ್ ಹಿಡಿದು ಆ ಕೋಣೆಗೆ ಹೋಗಿ ಪ್ರಾಣ ಕಳೆದುಕೊಂಡರು.

ಕೊನೆಗೆ ಹೆದರಿಕೆ. ಅದು ನಿಜವಾದ ಕಷ್ಟ, ಬೈದು ಒಳಗೆ ಕಳಿಸಬೇಡಿ. ಓಪನ್ ಎಂಆರ್‌ಐಗಳ ಅಯಸ್ಕಾಂತ ಸಾಮಾನ್ಯವಾಗಿ ದುರ್ಬಲ. ಮಂಡಿ, ಸೊಂಟಕ್ಕೆ ನಡೆದೀತು. ನಿಮ್ಮ ತಂದೆಗೆ ಬೇಕಾದ ಪರ್ಫ್ಯೂಷನ್, ಸ್ಪೆಕ್ಟ್ರೋಸ್ಕೋಪಿಗೆ 1.5 ಅಥವಾ 3 ಟೆಸ್ಲಾ ಯಂತ್ರವೇ ಬೇಕು. ಹಿಂದಿನ ದಿನವೇ ಟೆಕ್ನಿಷಿಯನ್ ಹತ್ತಿರ ಮಾತಾಡಿ, 70 ಸೆಂ.ಮೀ. ಅಗಲದ ಸುರಂಗ ಇರುವ ಯಂತ್ರ ಇದೆಯಾ ವಿಚಾರಿಸಿ. ಮಲಗುವ ಮೊದಲೇ ಕಣ್ಣಿಗೆ ಬಟ್ಟೆ ಕಟ್ಟಲು ಹೇಳಿ. ಜೋರು ಸದ್ದು ಇರುತ್ತದೆ, ಕಿವಿಗೆ ಹತ್ತಿ ಅಥವಾ ಹೆಡ್‌ಫೋನ್ ಕೊಡುತ್ತಾರೆ. ಕೈಗೆ ಕೊಡುವ ಬೆಲ್ ಒತ್ತಿದರೆ ಸ್ಕ್ಯಾನ್ ನಿಲ್ಲಿಸುತ್ತಾರೆ ಎಂದು ತಂದೆಗೆ ಮೊದಲೇ ತೋರಿಸಿಕೊಡಿ. ಒಟ್ಟು 45 ನಿಮಿಷದಿಂದ ಒಂದು ಗಂಟೆ ಹಿಡಿಯಬಹುದು. ಅಷ್ಟು ಹೊತ್ತು ಆಗುವುದೇ ಇಲ್ಲ ಎಂದರೆ ಅರಿವಳಿಕೆ ವೈದ್ಯರ ಎದುರು ನಿದ್ದೆಯ ಔಷಧಿ ಕೊಟ್ಟು ಮಾಡುತ್ತಾರೆ. ಅದಕ್ಕೆ ಕೆಲವು ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ಆ ಬೆಳಿಗ್ಗೆ ಎಷ್ಟು ತೆಗೆದುಕೊಳ್ಳಬೇಕು ಎಂದು ಅವರನ್ನೇ ಕೇಳಿ ಬರೆದುಕೊಳ್ಳಿ.